ಎರಡು ಸಲ ಸತ್ತ ಎಮ್ಮೆ

ಕುಬಿಹಾಳ
ತಾ. ೧೧-೨-೧೯೮೭

ಶಂಭಣ್ಣನವರಿಗೆ, ಕುಬಿಹಾಳದ ಮೈಲಾರಪ್ಪ ಮಾಡುವ ನಮಸ್ಕಾರ.

ಮೊದಲು ಅಕ್ಷರಕ್ಕಾಗಿ ಕ್ಷಮೆ ಕೇಳುತ್ತೇನೆ. ನನ್ನ ಬರವಣಿಗೆ ಕಾಗೆ ಕಾಲು ಗುಬ್ಬಿ ಕಾಲು. ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿದ ಕೂಡಲೇ ಅಪ್ಪ ಕುರಿಯ ಹಿಂದೆ ಕಳಿಸಿದ. ಅಲ್ಲಿಂದ ಮುಂದೆ ಕೋಲು ಹಿಡಿದಷ್ಟು ಪೆನ್ನು ಹಿಡಿದವನಲ್ಲ ನಾನು. ಎಲ್ಲಿ ಒತ್ತು ತಪ್ಪಿದೆಯೋ, ಎಲ್ಲಿ ದೀರ್ಘ ಬಿಟ್ಟಿದೆಯೋ ನೀವೇ ತಿದ್ದಿಕೊಂಡು ಓದಿ. ಇಷ್ಟುದ್ದದ ಕಾಗದವನ್ನು ಹುಟ್ಟಿದ ಮೇಲೆ ಯಾರಿಗೂ ಬರೆದಿಲ್ಲ. ಮೂರು ವರ್ಷ ಒಂದೇ ಕಚೇರಿಯಲ್ಲಿದ್ದರೂ ನಿಮಗೆ ನನ್ನ ಅಕ್ಷರದ ಗುರುತು ಇರಲಿಕ್ಕಿಲ್ಲ. ನಿಮಗೆ ಬೇಕಾಗಿದ್ದದ್ದು ನನ್ನ ಸಹಿ ಒಂದೇ.

ಮೊನ್ನೆ ಸೋಮವಾರ ನಮ್ಮ ಸೊಸೈಟಿಯ ಕ್ಲಾರ್ಕ್ ಲಕ್ಷ್ಮಣಪ್ಪ ಸೈಕಲ್ ಮೇಲೆ ನಮ್ಮ ಓಣಿಗೆ ಬಂದಿದ್ದ. ಕೆಳಗೆ ಇಳಿಯಲಿಲ್ಲ. ಒಂದು ಕಾಲನ್ನು ನಮ್ಮ ಕಟ್ಟೆಯ ಮೇಲೆ ಊರಿಕೊಂಡು, ನೀವು ಹೇಳಿ ಕಳಿಸಿದ ಮಾತನ್ನು ಹೇಳಿದ. "ಶಂಭಣ್ಣ ಅಣ್ಣಿಗೇರ್ಯಾಗ ಮಾವನ ಮನ್ಯಾಗ ಅದಾನ. ಕುರಿ ಕಾಯಾಂವನ್ನ ಕರದು ಖುರ್ಚಿ ಮ್ಯಾಲ ಕುಂದ್ರಿಸಿದ್ದ ನನ್ನ ತಪ್ಪು ಅಂತ ಹೇಳು ಅಂದಾನ. ಅಷ್ಟ." ಅವ್ವ ಒಳಗಿನಿಂದ ಕೇಳಿಸಿಕೊಂಡಳು. ನಾನು ಎಂದಿನಂತೆ ನೆಲ ನೋಡುತ್ತ ನಿಂತಿದ್ದೆ. ನನಗೆ ಉತ್ತರ ಹೊಳೆಯಲು ಎರಡು ದಿನ ಬೇಕಾಯಿತು. ಅದಕ್ಕೇ ಈ ಕಾಗದ.

ನಿಮ್ಮನ್ನು ನೀವು ಎಂದೇ ಬರೆಯುತ್ತೇನೆ. ನೀನು ಎನ್ನಬೇಕೆಂದು ಕೂತೆ, ಕೈ ಏಳಲಿಲ್ಲ.

ಖುರ್ಚಿಯ ಮೇಲೆ ಕೂಡಿಸಿದವರು ನೀವೇ, ಅದು ಖರೆ. ಮೂರು ವರ್ಷದ ಹಿಂದೆ ಯುಗಾದಿ ಮುಗಿದ ಮೇಲೆ, ಸೊಸೈಟಿಯ ಸಾಲದಲ್ಲಿ ಎಮ್ಮೆ ಕೊಂಡವರೆಲ್ಲ ತಮ್ಮ ಎಮ್ಮೆಗಳನ್ನು ನಮ್ಮೂರ ಸಾಲೆಯ ಬಯಲಿಗೆ ಹೊಡೆದುಕೊಂಡು ಬಂದಿದ್ದರು. ವಿಮೆ ಮಾಡಿಸಲು ಡಾಕ್ಟರು ಬಂದಿದ್ದರು. ಸೊಸೈಟಿಯ ಸೆಕ್ರೆಟರಿ ನೀವು, ಕೈಯಲ್ಲಿ ರಜಿಸ್ಟರು ಹಿಡಿದು, ಬಿಳಿ ಅಂಗಿ ತೊಟ್ಟು ನಿಂತಿದ್ದಿರಿ. ಒಂದೊಂದೇ ಎಮ್ಮೆಯ ಕಿವಿಗೆ ಇಕ್ಕಳದಿಂದ ತೂತು ಹೊಡೆದು, ನಂಬರು ಕೊರೆದ ಬಿಲ್ಲೆ ಕೂಡಿಸುತ್ತಿದ್ದರು. ಎಮ್ಮೆ ಸತ್ತರೆ ಆ ಬಿಲ್ಲೆ ಇರುವ ಕಿವಿಯನ್ನು ಕತ್ತರಿಸಿ, ಡಾಕ್ಟರ ಸರ್ಟಿಫಿಕೇಟು ಮತ್ತು ಐದು ಮಂದಿ ಸಹಿ ಮಾಡಿದ ಪಂಚನಾಮೆಯ ಜೊತೆಗೆ ಕಂಪನಿಗೆ ಕಳಿಸಬೇಕು, ಬಿಲ್ಲೆ ಇಲ್ಲದಿದ್ದರೆ ರೊಕ್ಕ ಇಲ್ಲ ಎಂದು ನೀವು ಅವತ್ತು ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ತಿಳಿಸಿ ಹೇಳಿದಿರಿ. ಮಂದಿ ತಲೆಯಾಡಿಸಿದರು. ಇಕ್ಕಳದ ಸಪ್ಪಳಕ್ಕೆ ಮಲ್ಲಕ್ಕನ ಎಮ್ಮೆ ಬೆದರಿ ಹಗ್ಗ ಹರಿದುಕೊಂಡು ಓಡಿತು. ನಾಲ್ಕು ಗಂಡಸರ ಕೈಗೆ ಸಿಗದ್ದನ್ನು ನಾನು ಹೋಗಿ ಮೂಗಿನ ಹೊಳ್ಳೆ ಹಿಡಿದು, ಕೊರಳು ತುರಿಸಿ, ಸುಮ್ಮನೆ ನಿಲ್ಲಿಸಿದೆ. ನೀವು ಹತ್ತಿರ ಬಂದು ಕೇಳಿದಿರಿ. "ಏ ತಮ್ಮಾ, ಹೆಸರೇನೋ ನಿಂದು? ಸಾಲಿ ಕಲ್ತೀಯೇನು? ಸಹಿ ಬರ್ತೈತಿ?"

ಬರುತ್ತದೆ ಎಂದೆ. ಕೆಲಸಕ್ಕೆ ಬಾ ಎಂದಿರಿ. ಮುಂದಿನ ಸೋಮವಾರದಿಂದ ಕುಂದಗೋಳದ ಸೊಸೈಟಿ ಕಚೇರಿಗೆ ಬರತೊಡಗಿದೆ. ದನ ಹಿಡಿಯುವುದು, ಕಾಗದ ಒಯ್ಯುವುದು, ಕಸ ಹೊಡೆಯುವುದು ನನ್ನ ಕೆಲಸ. ಮೊದಲ ತಿಂಗಳು ಬಾಗಿಲ ಹತ್ತಿರ ನಿಂತೇ ಇರುತ್ತಿದ್ದೆ. ಒಂದು ದಿನ ನೀವೇ ಖುರ್ಚಿ ಎಳೆದು, "ಕುಂದ್ರಲೇ ಮೈಲಾರಿ, ನೀನೂ ನಮ್ಮಾಂವ" ಎಂದಿರಿ. ಮಧ್ಯಾಹ್ನ ನಿಮ್ಮ ರೊಟ್ಟಿಯ ಗಂಟು ಬಿಚ್ಚಿದಾಗ ನನ್ನನ್ನೂ ಕರೆದು ಕೂಡಿಸಿಕೊಂಡಿರಿ. ನನ್ನ ಸಹಿ ಸಾಲೆಯ ಹುಡುಗರ ಸಹಿಯ ಹಾಗಿದೆ ಎಂದು ನಕ್ಕು, ಹಳೆಯ ವೋಚರಿನ ಹಿಂದೆ ಹತ್ತು ಸಲ ಬರೆಸಿ, ಒಂದೇ ಎಳೆತಕ್ಕೆ ಮಾಡುವುದನ್ನು ಕಲಿಸಿದಿರಿ. ನಾನು ಯಾರೊಡನೆಯೂ ಮಾತಾಡಲಾರದವನು. ಸಂತೆಯಲ್ಲಿ ಬದನೆಕಾಯಿಗೆ ಎಷ್ಟು ಎಂದು ಕೇಳಲಿಕ್ಕೂ ಅವ್ವನನ್ನೇ ಮುಂದೆ ಮಾಡುವವನು. ಅಂಥವನನ್ನು ನಾಲ್ಕು ಮಂದಿ ಓದಿದವರು ಹೆಸರು ಹಿಡಿದು ಕರೆದು ಪಕ್ಕದಲ್ಲಿ ಕೂಡಿಸಿಕೊಂಡರೆ ಏನಾಗುತ್ತದೆ ಎಂದು ನಿಮಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಮೊದಲ ಸುಳ್ಳು ಪಂಚನಾಮೆ ನಿಮಗೆ ನೆನಪಿದೆಯೋ ಇಲ್ಲವೋ. ಕುಬೇರಪ್ಪ ಎಂಬ ರೈತನ ಮನೆ. ಎಮ್ಮೆ ಕಾಯಿಲೆಯಿಂದ ಸತ್ತಿದೆ ಎಂದು ಬರೆಯಲು ಹೋಗಿದ್ದೆವು. ಎಮ್ಮೆ ಹಿತ್ತಲಲ್ಲಿ ನಿಂತು ಮೇಯುತ್ತಿತ್ತು. ಬಿಲ್ಲೆಯನ್ನು ಕಿವಿಯ ಒಂದು ಚೂರಿನ ಸಮೇತ ನಾನೇ ಕತ್ತರಿಸಿ ಕೊಟ್ಟೆ. ಬರುವ ರೊಕ್ಕದಲ್ಲಿ ಅರ್ಧ ಕುಬೇರಪ್ಪನಿಗೆ, ಅರ್ಧ ಕಚೇರಿಗೆ. ಡಾಕ್ಟರು ಬಂದಿರಲಿಲ್ಲ, ಅವರ ಸರ್ಟಿಫಿಕೇಟು ಮಾತ್ರ ಬಂದಿತ್ತು. ಹೇಗೆ ಬಂತೆಂದು ನಾನು ಕೇಳಲಿಲ್ಲ. ಪಡಸಾಲೆಯಲ್ಲಿ ಕೂತು ಲಕ್ಷ್ಮಣಪ್ಪ "ಸದರೀ ಎಮ್ಮೆಯು ಮೃತಪಟ್ಟಿದ್ದು" ಎಂದು ಬರೆಯುತ್ತಿರುವಾಗ ಹಿತ್ತಲಿನಿಂದ ಅದು ಒದರಿತು. ಕುಬೇರಪ್ಪ ಅಲ್ಲಿಂದಲೇ ಕೂಗಿದ. "ಏ, ಸುಮ್ಕಿರಬೇ! ನೀ ಸತ್ತಿ!" ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. "ಹೆಣಾ ಹಸದೈತಿ, ಮೇವ್ ಹಾಕ್ರೋ ಯಾರರ" ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಶಂಭಣ್ಣನವರೇ, ಅಷ್ಟು ಮಂದಿಯ ನಡುವೆ ಬಾಯಿ ತೆರೆದು ನಕ್ಕದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಕಣ್ಣಲ್ಲಿ ನೀರು ಬರುವಷ್ಟು ನಕ್ಕ ಮೇಲೆ, ಮುಂದೆ ಬಂದ ಕಾಗದಕ್ಕೆ ಸಹಿ ಮಾಡುವುದಿಲ್ಲ ಎಂದು ಯಾರಾದರೂ ಹೇಳಲಿಕ್ಕಾಗುತ್ತದೆಯೇ?

ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿದ್ದುದನ್ನು ನೋಡಿ ನೀವು ಹೆಗಲ ಮೇಲೆ ಕೈ ಹಾಕಿದಿರಿ. "ಎಲ್ಲಾರೂ ಮಾಡ್ತಾರಲೇ ಮೈಲಾರಿ. ಹುಬ್ಬಳ್ಳ್ಯಾಗ ಮಾಡ್ತಾರ, ಧಾರವಾಡದಾಗ ಮಾಡ್ತಾರ. ನಾವಷ್ಟ ಸುಮ್ಮ ಕುಂತ್ರ ನಮ್ಮನ್ನ ಹುಚ್ಚರಂತಾರ. ಕಂಪನಿ ಏನ್ ಯಾರಪ್ಪನ ಮನೀದೂ ಅಲ್ಲ." ಇದು ನಿಮ್ಮ ಮಾತೂ ಅಲ್ಲ ಎಂದು ಆಮೇಲೆ ತಿಳಿಯಿತು. ಹುಬ್ಬಳ್ಳಿಯ ಮೀಟಿಂಗಿಗೆ ಹೋದಾಗಲೆಲ್ಲ ಬೇರೆ ಸೊಸೈಟಿಯವರು ಹೊಸ ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದರು. ನೀವು ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಿದ್ದಿರಿ. ಅವರು ನಿಮ್ಮ ಹೆಗಲ ಮೇಲೆ ಕೈ ಹಾಕಿ ಹೇಳಿದ್ದನ್ನು ನೀವು ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದಿರಿ. ನನ್ನ ಕೆಳಗೆ ಯಾರೂ ಇರಲಿಲ್ಲ, ಇದ್ದಿದ್ದರೆ ನಾನೂ ಹೇಳುತ್ತಿದ್ದೆನೋ ಏನೋ.

ಒಲ್ಲೆ ಎಂದವನು ನಮ್ಮ ಕಚೇರಿಯಲ್ಲೇ ಒಬ್ಬನಿದ್ದ. ಕಾವಲುಗಾರ ಅಬ್ದುಲ್‌ಸಾಬ. ಪಂಚನಾಮೆ ಮುಂದೆ ಹಿಡಿದಾಗ ಅವನು ಕೈ ಮುಗಿದು, "ಹೆಣಾ ತೋರಿಸ್ರಿ ಸಾಹೇಬ್ರ, ಸಹಿ ಮಾಡ್ತೀನಿ" ಎಂದ. ನೀವು ಅವನನ್ನು ಬೈಯಲಿಲ್ಲ. ಅವತ್ತಿನಿಂದ ಅವನಿಗೆ ಹಾಜಿಸಾಬ ಎಂದು ಹೆಸರಿಟ್ಟಿರಿ, ಅಷ್ಟೆ. ಅವನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಚಹಾ ಆರು ಕಪ್ಪು ಬರುತ್ತಿದ್ದದ್ದು ಐದಾಯಿತು. ಲಕ್ಷ್ಮಣಪ್ಪ, "ಹಾಜಿಸಾಬರ ಮುಂದ ಉಸಿರು ಬಿಡಬ್ಯಾಡ್ರೋ, ಅದಕ್ಕೂ ಪಂಚನಾಮಿ ಕೇಳ್ತಾರ" ಎಂದು ಎಲ್ಲರನ್ನೂ ನಗಿಸುತ್ತಿದ್ದ. ಅಬ್ದುಲ್‌ಸಾಬ ಗೇಟಿನ ಹತ್ತಿರದ ಬೇವಿನ ಗಿಡದ ಬುಡದಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದ. ನಾನು ಬರುವುದಕ್ಕೆ ಮೊದಲು ಆ ಕಚೇರಿಯಲ್ಲಿ ಹೊರಗೆ ನಿಲ್ಲುವವನು ಅವನೊಬ್ಬನೇ ಆಗಿದ್ದ, ನಾನು ಬಂದಾಗ ನನಗೆ ನೀರು ಕೊಟ್ಟವನೂ ಅವನೇ. ನಾನು ಅವನ ಹತ್ತಿರ ಹೋಗಿ ಕೂಡಲಿಲ್ಲ. ನನಗೆ ಪೋಲೀಸರ ಭಯ ಇರಲಿಲ್ಲ, ದೇವರ ಭಯವೂ ಅಷ್ಟೊಂದು ಇರಲಿಲ್ಲ. ಆ ಬೇವಿನ ಗಿಡದ ಭಯ ಇತ್ತು.

ನಮ್ಮ ಮಂದಿ ಕುರಿಯ ಕಿವಿ ಕತ್ತರಿಸುವುದು ನಿಮಗೆ ಗೊತ್ತಿರಬಹುದು. ಮನೆ ಮನೆಗೆ ಬೇರೆ ಬೇರೆ ಕಚ್ಚು ಇರುತ್ತದೆ. ನಮ್ಮದು ಎಡಗಿವಿಯ ತುದಿಗೆ ಒಂದು, ಕೆಳಗೆ ಒಂದು. ಹಿಂಡು ತಪ್ಪಿದ ಕುರಿ ಎರಡು ವರ್ಷದ ಮೇಲೆ ನವಲಗುಂದದ ಕಡೆಯ ಹಟ್ಟಿಯಲ್ಲಿ ಸಿಕ್ಕರೂ, ಅವರು ಕಿವಿ ನೋಡಿ, "ಇದು ಹೊಳೆಯಪ್ಪನ ಕುರಿ" ಎಂದು ಹೇಳಿ ಕಳಿಸುತ್ತಾರೆ. ಕಾಗದ ಇಲ್ಲ, ಸಹಿ ಇಲ್ಲ. ಇನ್ನೊಬ್ಬರ ಕಚ್ಚಿನ ಮೇಲೆ ತನ್ನ ಕಚ್ಚು ಹಾಕಿದವನಿಗೆ ಯಾವ ಹಟ್ಟಿಯಲ್ಲೂ ಬೆಂಕಿ ಕೊಡುವುದಿಲ್ಲ. ಇದನ್ನು ಕಲಿಸಿದ್ದು ನನ್ನಪ್ಪ ಹೊಳೆಯಪ್ಪ. ಇದೆಲ್ಲ ಗೊತ್ತಿದ್ದೂ ನಾನು ನಿಮ್ಮ ಇಕ್ಕಳ ಹಿಡಿದೆ. ನನಗೆ ತಿಳಿವಳಿಕೆ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಇನ್ನು ಮಲ್ಲಕ್ಕನ ವಿಷಯ.

ಹೋದ ವರ್ಷ ಆಷಾಢದಲ್ಲಿ ನೀವು ನನ್ನನ್ನು ಒಬ್ಬನನ್ನೇ ಕರೆದು ಹೇಳಿದಿರಿ. "ಮಲ್ಲಕ್ಕನ ಎಮ್ಮಿ ಬಿಲ್ಲೆ ನಂಬರ್ ಅಳಿಸೇತಿ. ಬಿಚಗೊಂಡ ಬಾ, ಹೊಸಾದು ಹಾಕೂಣು. ಈ ಎರಡು ಫಾರ್ಮಿಗೆ ಹೆಬ್ಬಟ್ಟ ತೊಗೊಂಡ ಬಾ." ಅವಳು ಗಂಡನಿಲ್ಲದ ಹೆಂಗಸು. ಎಮ್ಮೆಯ ಸಾಲವನ್ನು ಹಾಲು ಹಾಕಿ ಹಾಕಿ ಎರಡೇ ವರ್ಷದಲ್ಲಿ ತೀರಿಸಿದ್ದಳು. ವಿಮೆ ಮಾತ್ರ ಈ ಬರುವ ಯುಗಾದಿಯವರೆಗೆ ಇತ್ತು. ಕುಬೇರಪ್ಪನಂಥವರಿಗೆ ಅರ್ಧ ಕೊಡಬೇಕಾಗುತ್ತಿತ್ತು. ಮಲ್ಲಕ್ಕನನ್ನು ಕೇಳದೆಯೇ ಮಾಡಿದರೆ ಅರ್ಧ ಕೊಡುವ ಪ್ರಶ್ನೆಯೇ ಇಲ್ಲ. ಈ ಲೆಕ್ಕ ನನಗೆ ಅವತ್ತು ಹೊಳೆಯಲಿಲ್ಲ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಫಾರ್ಮು ಇಂಗ್ಲಿಷಿನಲ್ಲಿತ್ತು, ಓದಲು ಬರಲಿಲ್ಲ. ಆದರೆ ಎರಡನೆಯದರ ತುದಿಗೆ ರಸೀದಿ ತಿಕೀಟು ಅಂಟಿಸಿತ್ತು. ಉಣ್ಣೆ ಮಾರುವ ಮನೆಯಲ್ಲಿ ಹುಟ್ಟಿದವನು ನಾನು, ತಿಕೀಟಿನ ಮೇಲೆ ಹೆಬ್ಬೆಟ್ಟು ಒತ್ತಿದರೆ ರೊಕ್ಕ ತೆಗೆದುಕೊಂಡ ಹಾಗೆ ಎಂಬುದು ಗೊತ್ತು. ಹೊಸ ಬಿಲ್ಲೆಗೆ ತಿಕೀಟು ಯಾಕೆ ಎಂದು ನಾಲಿಗೆಯ ತುದಿಗೆ ಬಂತು. ನೀವು ಆಗಲೇ ಬೇರೆ ಯಾರೊಂದಿಗೋ ಮಾತಿಗೆ ನಿಂತಿದ್ದಿರಿ. ನಾನು ಫಾರ್ಮು ಮಡಚಿ ಕಿಸೆಗೆ ಹಾಕಿಕೊಂಡೆ.

ಮಲ್ಲಕ್ಕ ನನ್ನನ್ನು ಕಂಡು ಚಾಪೆ ಹಾಸಿದಳು. ಎಮ್ಮೆ ನನ್ನ ವಾಸನೆ ಹಿಡಿದು ಕೈ ನೆಕ್ಕಿತು. ಬಿಲ್ಲೆಯ ನಂಬರು ಅಳಿಸಿರಲಿಲ್ಲ. ಒಂದೊಂದು ಅಂಕಿಯೂ ಎದ್ದು ಕಾಣುತ್ತಿತ್ತು. ಈ ಸಲ ಕಿವಿ ಕತ್ತರಿಸಿದರೆ ಅವಳು ಕೇಳುತ್ತಾಳೆಂದು ಬರೀ ಬಿಲ್ಲೆಯನ್ನು ಬಿಚ್ಚಿದೆ. ಕಂಪನಿಗೆ ಕಳಿಸಲು ಕಿವಿಯ ಚೂರನ್ನು ನೀವು ಎಲ್ಲಿಂದ ಹೊಂದಿಸಿದಿರೋ ಗೊತ್ತಿಲ್ಲ. ಮಸಿ ಡಬ್ಬಿ ಹಿಡಿದು, ಅವಳ ಹೆಬ್ಬೆಟ್ಟನ್ನು ನಾನೇ ಹಿಡಿದು ಒತ್ತಿದೆ. ತಿಕೀಟಿನ ಮೇಲೂ ಒತ್ತಿದೆ. "ಹೊಸಾದು ಯಾವಾಗ ಹಾಕ್ತಿ?" ಎಂದು ಕೇಳಿದಳು. ಮುಂದಿನ ವಾರ ಎಂದೆ. "ಹೇಳ್ದಂಗ ಬಾ ಮತ್ತ. ಬಿಲ್ಲೆ ಇಲ್ಲದಿದ್ರ ರೊಕ್ಕ ಇಲ್ಲ ಅಂತ ನಿಮ್ಮ ಸಾಹೇಬ್ರ ಹೇಳ್ಯಾರ" ಎಂದು ನಕ್ಕಳು. ನಾನು ಹೋಗಲಿಲ್ಲ. ಅವಳು ದಾರಿಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದಳು. ನಾನು ಓಣಿ ಬದಲಿಸಿ ಹೋಗುವುದನ್ನು ಕಲಿತೆ. ಶ್ರಾವಣದಲ್ಲಿ ನಿಮ್ಮ ಮೋಟಾರ್ ಸೈಕಲ್ ಬಂತು. ಕಚೇರಿಯಲ್ಲಿ ಪೇಢೆ ಹಂಚಿದಿರಿ. ನಾನು ಎರಡು ತಿಂದೆ.

ಈಗ ಸಂಕ್ರಾಂತಿ ಮುಗಿದ ನಾಲ್ಕನೆಯ ದಿನ ಆ ಎಮ್ಮೆ ಗಂಟಲು ಊದಿಕೊಂಡು ಖರೇನೇ ಸತ್ತುಹೋಯಿತು. ಮರುದಿನ ಹನ್ನೊಂದರ ಬಸ್ಸಿಗೆ ಮಲ್ಲಕ್ಕ ಕಚೇರಿಗೆ ಬಂದಳು. ಕೈಯಲ್ಲಿ ಒಂದು ಅರಿವೆಯ ಗಂಟು. ಅದನ್ನು ಲಕ್ಷ್ಮಣಪ್ಪನ ಟೇಬಲ್ಲಿನ ಮೇಲೆ, ರಜಿಸ್ಟರಿನ ಪಕ್ಕದಲ್ಲಿ ಇಟ್ಟು ಬಿಚ್ಚಿದಳು. ಎಮ್ಮೆಯ ಕಿವಿ. ಪೂರ್ತಿ ಕಿವಿ, ಬುಡದಿಂದ ಕೊಯ್ದದ್ದು. ಒಂದು ಬೆರಳನ್ನು ಹಳೆಯ ತೂತಿನಲ್ಲಿ ಹಾಯಿಸಿ ಎತ್ತಿ ತೋರಿಸಿದಳು. "ಎಮ್ಮಿ ಸತ್ತೈತ್ರಿ ಸಾಹೇಬ್ರ. ಕಿವಿ ತರಬೇಕು ಅಂದಿದ್ರಲ್ಲ, ತಂದೀನಿ. ಬಿಲ್ಲೆ ನಿಮ್ಮ ಮಂದಿನ ಬಿಚಗೊಂಡ ಹೋಗ್ಯಾರ. ತೂತು ಐತಿ ನೋಡ್ರಿ, ನಿಮ್ಮ ಡಾಕ್ಟರ್ ಹೊಡದಿದ್ದ ತೂತು." ಬಿಲ್ಲೆ ಇಲ್ಲದಿದ್ದರೆ ತೂತಾದರೂ ಸಾಕ್ಷಿ ಹೇಳುತ್ತದೆ ಎಂದು ಅವಳು ನಂಬಿದ್ದಳು.

ಲಕ್ಷ್ಮಣಪ್ಪ ಮೂಗು ಮುಚ್ಚಿಕೊಂಡು ರಜಿಸ್ಟರು ತೆಗೆದ. ನೀವು ಅವನ ಹಿಂದೆಯೇ ನಿಂತಿದ್ದಿರಿ. ಅವನಿಗೆ ಎಲ್ಲ ಗೊತ್ತಿತ್ತು, ಆದರೂ ಬೆರಳು ಆಡಿಸಿ ಹುಡುಕುವ ಆಟ ಆಡಿದ. "ಏನಬೇ ಮಲ್ಲಕ್ಕಾ, ನಿನ್ನ ಎಮ್ಮಿ ಶ್ರಾವಣದಾಗ ಸತ್ತೈತಲ್ಲ! ರೊಕ್ಕಾನೂ ಒಯ್ದಿ, ಹೆಬ್ಬಟ್ಟ ಐತಿ. ಎಷ್ಟ ಸಲ ಸಾಯ್ತೈತಿ ನಿನ್ನ ಎಮ್ಮಿ?" ಸಾಲಕ್ಕೆಂದು ಬಂದು ಕೂತಿದ್ದ ಮಂದಿ ನಕ್ಕರು. ಮಲ್ಲಕ್ಕನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವಳ ದನಿ ಏರಿತು. "ಶ್ರಾವಣದಾಗ? ಶ್ರಾವಣದಾಗ ದಿನಾ ಮುಂಜಾನಿ ಬಸ್ಸಿಗೆ ಮೂರು ಲೀಟರ್ ಹಾಲು ತಂದು ಇದ ಬಾಜೂ ಹೋಟೆಲ್ಲಿಗೆ ಹಾಕೇನ್ರಿ ನಾ. ಅದ ಹಾಲಿನ ಚಾ ಕುಡದೀರಿ ನೀವು. ಸತ್ತ ಎಮ್ಮಿ ಹಾಲು ಕುಡದ್ರೇನು ನೀವೆಲ್ಲಾರೂ?"

ನಗು ನಿಂತಿತು. ಆಗ ಅವಳು ನನ್ನ ಕಡೆ ತಿರುಗಿದಳು. "ಏ ಮೈಲಾರಿ, ನೀ ಹೇಳೋ ಯಪ್ಪಾ. ಬಿಲ್ಲೆ ತಗದಾಂವ ನೀನ ಅಲ್ಲೇನು?"

ನೀವು ನನ್ನನ್ನು ನೋಡಿದಿರಿ. ಕಣ್ಣು ಕೂಡ ಮಿಟುಕಿಸಲಿಲ್ಲ, ಬರೀ ನೋಡಿದಿರಿ. ನಾನು ಹೇಳಿದ ಮಾತು ನಿಮಗೆ ನೆನಪಿರಬೇಕು. "ನನಗ ನೆನಪಿಲ್ಲ."

ಮಲ್ಲಕ್ಕ ಕಿವಿಯನ್ನು ಮತ್ತೆ ಅರಿವೆಯಲ್ಲಿ ಸುತ್ತಿಕೊಂಡು ಹೋದಳು. ಊರಿಗೆ ಅವಳಿಗಿಂತ ಮೊದಲೇ ಸುದ್ದಿ ಹೋಗಿತ್ತು. ನೀರಿಗೆ ಹೋದರೆ ಹೆಂಗಸರು, "ಎಮ್ಮಿ ಇನ್ನೂ ಮೇಯ್ತಿದ್ದಾಗನ ಅದರ ಹೆಣದ ರೊಕ್ಕಾ ತಿಂದಾಕಿ" ಎಂದು ಅವಳಿಗೆ ಕೇಳಿಸುವ ಹಾಗೆ ಮಾತಾಡಿದರು. ನಾಲ್ಕು ದಿನದಲ್ಲಿ ಧಾರವಾಡದ ದೊಡ್ಡ ಕಚೇರಿಗೆ ಯಾರೋ ಅರ್ಜಿ ಹಾಕಿದರು. ನೀವು ಅಬ್ದುಲ್‌ಸಾಬನ ಮೇಲೆ ಸಂಶಯ ಪಟ್ಟಿರಿ. ಯಾರೆಂದು ನನಗೂ ಗೊತ್ತಿಲ್ಲ. ವಿಚಾರಣೆ ಮಾಡುವ ಸಾಹೇಬರು ಬರುತ್ತಾರೆಂದು ಪತ್ರ ಬಂತು.

ಆ ದಿನ ಸಂಜೆ ನೀವು ಮೊದಲ ಸಲ ನಮ್ಮ ಮನೆಗೆ ಬಂದಿರಿ. ಮೂರು ವರ್ಷದಲ್ಲಿ ಮೊದಲ ಸಲ. ಅವ್ವ ಗಡಬಡಿಸಿ ಕಂಬಳಿ ಹಾಸಿದಳು. ನೀವು ಚೆಂದವಾದ ಅಕ್ಷರದಲ್ಲಿ ಬರೆದ ಕಾಗದ ತಂದಿದ್ದಿರಿ. ಅದಕ್ಕೆ ಸಹಿ ಮಾಡಿ ಸಾಹೇಬರಿಗೆ ಕೊಡಬೇಕೆಂದಿರಿ. "ನೀ ಹೇಳಿದ್ರ ನಂಬ್ತಾರಲೇ. ನಿನ್ನಂಥಾ ಸಂಭಾವಿತನ ಮ್ಯಾಲ ಯಾರ ಸಂಶೇ ಪಡ್ತಾರ? ಬರೀ ನಾಲ್ಕನೇತ್ತ ಕಲ್ತಾಂವ, ನಿನಗ ಯಾರೂ ಏನೂ ಮಾಡಂಗಿಲ್ಲ. ನಾವೆಲ್ಲಾ ಕೂಡಿ ಉಂಡಾವ್ರು, ಮರೀಬ್ಯಾಡ." ಹೋಗುವಾಗ ಅವ್ವನಿಗೆ ಕೈ ಮುಗಿದು ಹೋದಿರಿ.

ಆ ಕಾಗದ ಕನ್ನಡದಲ್ಲಿತ್ತು. ನಿಮ್ಮ ಕಾಗದಗಳಲ್ಲಿ ನಾನು ಓದಿದ್ದು ಅದೊಂದನ್ನೇ. ಎರಡು ದಿನ ಹಿಡಿಯಿತು. ಕಚೇರಿಗೆ ಹೋಗದೆ, ಕುರಿ ಬಯಲಿಗೆ ಬಿಟ್ಟು, ಜಾಲಿಯ ಗಿಡದ ಕೆಳಗೆ ಕೂತು ಒಂದೊಂದೇ ಅಕ್ಷರ ಕೂಡಿಸಿದೆ. "ಮಲ್ಲಕ್ಕನು ತಾನಾಗಿಯೇ ಖುಷಿಯಿಂದ ಬಿಲ್ಲೆಯನ್ನು ಬಿಚ್ಚಿ ಕೊಟ್ಟು, ಎಮ್ಮೆ ಸತ್ತಿದೆಯೆಂದು ಸುಳ್ಳು ಹೇಳಿ, ಮೂರು ಸಾವಿರ ರೂಪಾಯಿ ಎಣಿಸಿಕೊಂಡು ಒಯ್ದದ್ದನ್ನು ನಾನು, ಮೈಲಾರಪ್ಪ ತಂದೆ ಹೊಳೆಯಪ್ಪ, ಕಣ್ಣಾರೆ ನೋಡಿದ್ದೇನೆ." ನನ್ನಪ್ಪನ ಹೆಸರನ್ನೂ ಬರೆದಿದ್ದಿರಿ. ನೀವು ನನ್ನನ್ನು ಬೈದಿದ್ದರೆ, ಹೆದರಿಸಿದ್ದರೆ ನಾನು ಬಹುಶಃ ಸಹಿ ಮಾಡಿಬಿಡುತ್ತಿದ್ದೆ. ಸಂಭಾವಿತ ಎಂದಿರಲ್ಲ, ಅದು ನಾಟಿತು. ಬಾಯಿಲ್ಲದ ನನ್ನಂಥವನನ್ನು ಆ ದಿನ ಸಾಲೆಯ ಬಯಲಿನಲ್ಲಿ ನೀವು ಯಾಕೆ ಆರಿಸಿಕೊಂಡಿರಿ ಎಂಬುದು ಆ ಜಾಲಿಯ ಗಿಡದ ಕೆಳಗೆ ತಿಳಿಯಿತು. ಎಮ್ಮೆ ಹಿಡಿಯುವವರು ಊರಿಗೆ ಹತ್ತು ಮಂದಿ ಇದ್ದರು.

ಸಾಹೇಬರ ಮುಂದೆ ಏನಾಯಿತೆಂದು ನೀವು ನೋಡಿದ್ದೀರಿ. ಆದರೂ ನನ್ನ ಕಡೆಯಿಂದ ಬರೆಯುತ್ತೇನೆ. ಅಬ್ದುಲ್‌ಸಾಬ ಕೇಳದೆಯೇ ನೀರು ತಂದಿಟ್ಟ. "ಬಿಲ್ಲೆ ನಾನ ತಗದೀನ್ರಿ. ಹೆಬ್ಬಟ್ಟ ನಾನ ಒತ್ತಿಸೀನ್ರಿ. ಮಲ್ಲಕ್ಕಗ ಒಂದ ರೂಪಾಯಿ ಮುಟ್ಟಿಲ್ರಿ" ಎಂದೆ. ಯಾರು ಹೇಳಿದ್ದು ಎಂದರು. ನಿಮ್ಮ ಹೆಸರು ಹೇಳಿದೆ. ನೀವು ಕಿಟಕಿಯ ಹೊರಗೆ ನೋಡುತ್ತಿದ್ದಿರಿ. ಎಷ್ಟು ಪಂಚನಾಮೆಗೆ ಸಹಿ ಮಾಡಿದ್ದೀ ಎಂದು ಕೇಳಿದರು. ಹದಿನಾಲ್ಕು ಎಂದೆ. "ಹದಿನಾಲ್ಕೂ ಸಲ ಎಮ್ಮಿ ಜೀವಂತ ಇದ್ದದ್ದು ಗೊತ್ತಿತ್ತೇನೋ?" "ಹೌದ್ರಿ." "ಮತ್ಯಾಕ ಮಾಡಿದಿ?" "ಎಲ್ಲಾರೂ ಮಾಡಿದ್ರು ರೀ." ಸಾಹೇಬರು ಪೆನ್ನು ಕೆಳಗಿಟ್ಟರು. "ಇಲ್ಲಿ ಕುಂತವರೆಲ್ಲಾರೂ ಹಂಗ ಅಂದಾರ. ಹಂಗಾದ್ರ ಮೊದಲ ಮಾಡಿದಾಂವ ಯಾರೋ?" ನನಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಿಕ್ಕಿಲ್ಲ.

ನಿಮ್ಮ ಕೆಲಸ ಹೋಗಬಹುದು ಎನ್ನುತ್ತಾರೆ. ನನ್ನದು ಹೋಗಿಯೇಬಿಟ್ಟಿದೆ. ಇಪ್ಪತ್ತನೆಯ ತಾರೀಖಿಗೆ ಧಾರವಾಡಕ್ಕೆ ಬರಬೇಕೆಂದು ನನಗೂ ನೋಟೀಸು ಬಂದಿದೆ, ನಿಮ್ಮ ಹೆಸರಿನ ಕೆಳಗೇ ನನ್ನ ಹೆಸರಿದೆ. ಅದಕ್ಕೆ ನನ್ನ ತಕರಾರಿಲ್ಲ. ಕೇಸಿನಿಂದ ಮಲ್ಲಕ್ಕನ ಹೆಸರು ತೆಗೆದರು. ಆದರೆ ಎಮ್ಮೆಯ ರೊಕ್ಕ ಬರುವುದಿಲ್ಲವಂತೆ. ಸಾಹೇಬರು ಅವಳಿಗೆ ಸಮಾಧಾನವಾಗಿ ಹೇಳಿದರು, ಒಂದು ನಂಬರಿಗೆ ಒಂದೇ ಸಲ ಕೊಡುತ್ತಾರೆ, ಮೇಲಾಗಿ ಬಿಲ್ಲೆ ಇಲ್ಲ, ನಿಯಮ ಹಾಗಿದೆ ಎಂದು. ನಾನು ಖರೆ ಹೇಳಿದ್ದರಿಂದ ಅವಳಿಗೆ ಸಿಕ್ಕದ್ದು ಇಷ್ಟೆ. ನೀರಿಗೆ ಹೋದರೆ ಈಗ ಹೆಂಗಸರು ಸುಮ್ಮನಿರುತ್ತಾರೆ. ಹಾಲು ಹಾಕಲು ಹೋಟೆಲ್ಲಿನವನು ಬೇರೆಯವರನ್ನು ಗೊತ್ತು ಮಾಡಿಕೊಂಡಿದ್ದಾನೆ.

ನಿಮಗೆ ನಾನು ದ್ರೋಹ ಮಾಡಿದೆ ಎಂದು ನೀವು ಹೇಳಿಕೊಂಡು ತಿರುಗಬಹುದು. ತಿರುಗಿರಿ. ನಿಮ್ಮ ಜೊತೆ ಕೂಡಿ ಉಂಡ ರೊಟ್ಟಿಯ ರುಚಿ ಇನ್ನೂ ಬಾಯಲ್ಲಿದೆ, ಅದನ್ನು ಉಗುಳಲು ನನ್ನಿಂದ ಆಗುತ್ತಿಲ್ಲ, ಅದೇ ನನ್ನ ಸಿಟ್ಟು. ಬೇರೆ ಯಾರೂ ನನ್ನನ್ನು ಹಾಗೆ ಕರೆದು ಕೂಡಿಸಿಕೊಂಡಿರಲಿಲ್ಲ. ನೀವು ಸಿಗಬಾರದಿತ್ತು, ಇಲ್ಲವೇ ನೀವು ಒಳ್ಳೆಯವರಾಗಿರಬೇಕಿತ್ತು.

ನಿಮ್ಮ ಹೆಂಡತಿ ಮಕ್ಕಳಿಗೆ ದೇವರು ಆಯುಷ್ಯ, ಆರೋಗ್ಯ ಕೊಟ್ಟು ಕಾಪಾಡಲಿ. ನಿಮಗೆ ಏನು ಕೊಡಬೇಕೆಂದು ಅವನೇ ನೋಡಿಕೊಳ್ಳಲಿ, ನನಗೂ. ಇನ್ನು ಮುಂದೆ ಲಕ್ಷ್ಮಣಪ್ಪನ ಕೈಯಲ್ಲಿ ಮಾತು ಕಳಿಸಬೇಡಿ.

ಇವತ್ತು ಮುಂಜಾನೆ ಮಲ್ಲಕ್ಕ ನಮ್ಮ ಓಣಿಯ ತುದಿಗೆ ಬಂದು ನಿಂತು ನನ್ನನ್ನು ಕರೆದಳು. ಕಚೇರಿಗೆ ಬಂದ ದಿನದ ನಂತರ ಅವಳು ನನ್ನೊಡನೆ ಮಾತಾಡಿದ್ದು ಅದೇ ಮೊದಲು. ಎಮ್ಮೆಗೆಂದು ವರ್ಷದ ಮೇವು, ಜೋಳದ ಕಣಿಕೆ, ಹಿತ್ತಲಲ್ಲಿ ಒಟ್ಟಿಟ್ಟಿದ್ದಳು. ಬಾಜೂ ಮನೆಯಲ್ಲಿ ಎರಡು ಎಮ್ಮೆ ಸಾಕಿರುವ ರಜಿಯಾಬಿಗೆ ಅದನ್ನೆಲ್ಲ ಕೊಟ್ಟುಬಿಟ್ಟಿದ್ದಾಳಂತೆ. "ಹೊತ್ತು ಹಾಕು. ಒಂದ ಸೂಡೂ ಉಳಸಬ್ಯಾಡ" ಎಂದಳು. ಒಂಬತ್ತು ಹೊರೆ ಹೊತ್ತೆ. ಅವಳು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಕೊನೆಯ ಹೊರೆ ಇಳಿಸಿ ಬಂದು ಬೆವರು ಒರೆಸಿಕೊಳ್ಳುತ್ತ ನಿಂತೆ. ಬಿಸಿಲು ಏರಿತ್ತು, ಗಂಟಲು ಒಣಗಿತ್ತು. ನೀರು ಬೇಕೇ ಎಂದು ಅವಳು ಕೇಳಲಿಲ್ಲ. ಒಳಗೆ ಹೋಗಿ ಕಸಬರಿಗೆ ತಂದು, ಕಣಿಕೆ ಇದ್ದ ಜಾಗವನ್ನು ಗುಡಿಸತೊಡಗಿದಳು. ನಾನು ಮನೆಗೆ ಬಂದು ಈ ಕಾಗದ ಬರೆಯಲು ಕೂತೆ.

ಹೊಳೆಯಪ್ಪನ ಮಗ
ಮೈಲಾರಪ್ಪ